ಕೇಪಿನ ಕೋವಿಯನ್ನು ಚಕಮಕಿ ಕೋವಿಯಾಗಿಸಲು ಹೊರಟವರಿಗೆ

ಮೂತಿಯಿಂದ ಮದ್ದು ತುಂಬುವ ನನ್ನ ಕೇಪಿನ ಕೋವಿಯನ್ನು (ಬಡಿದಾಗ ಸಿಡಿಯುವ ಪುಟ್ಟ ಲೋಹದ ಟೋಪಿಯಿಂದ, ಅಂದರೆ ಕೇಪಿನಿಂದ, ಮದ್ದಿಗೆ ಬೆಂಕಿ ತಗಲಿಸುವಂಥದ್ದು) ಚಕಮಕಿ ಕಲ್ಲಿನ ಕೋವಿಯಾಗಿ (ಕಲ್ಲು ಉಕ್ಕಿಗೆ ತಾಗಿ ಹಾರುವ ಕಿಡಿಯಿಂದ ಹೊತ್ತಿಸುವಂಥದ್ದು) ಬದಲಾಯಿಸಿಕೊಳ್ಳಲು ಹೋಗಿ ನಾನು ಕಂಡದ್ದನ್ನು, ಅದೇ ಆಸೆಯಿರುವವರು ಕೋವಿಯನ್ನು ಬಿಚ್ಚುವ ಮೊದಲೇ ಓದಲಿ ಎಂದು ಬರೆಯುತ್ತಿದ್ದೇನೆ. 19ನೆಯ ಶತಮಾನದಲ್ಲಿ ಕೇಪು ಬಳಕೆಗೆ ಬಂದಾಗ ಅಸಂಖ್ಯ ಚಕಮಕಿ ಕೋವಿಗಳನ್ನು ಕೇಪಿಗೆ ಬದಲಿಸಿದ್ದರು. ಅದನ್ನೇ ತಿರುಗುಮುರುಗು ಮಾಡಿದರೆ ಸಾಕು ಎಂದು ನಾನು ಎಣಿಸಿದ್ದೇ ತಪ್ಪಾಯಿತು.

ನನ್ನದರಂಥ ಕೇಪಿನ ಕೋವಿಯ ನಳಿಗೆಯ ಪಕ್ಕದಲ್ಲಿ, ನಿಪ್ಪಲ್ (ಕೇಪು ಕೂರಿಸುವ ಪುಟ್ಟ ಕೊಳವೆ) ಹೊತ್ತ ಡ್ರಮ್ ಎಂಬ ಲೋಹದ ತುಂಡು ಕೂರಲು ಅಗಲವಾದ ತೂತಿರುತ್ತದೆ. ಚಕಮಕಿ ಕೋವಿಗೆ ಬೇಕಾದದ್ದು ಹೊರಗಿನ ಬೆಂಕಿ ನಳಿಗೆಯೊಳಗೆ ಹೋಗಲು ಸುಮಾರು ಒಂದೂವರೆ ಮಿಲಿಮೀಟರಿನ ಕಿಡಿರಂಧ್ರ ಮಾತ್ರ. ಆದ್ದರಿಂದ ನನಗೆ ಕೆಲಸ ಮಾಡಿಕೊಟ್ಟವರು ಡ್ರಮ್ ತೆಗೆದು, ನಡುವೆ ಸಣ್ಣ ರಂಧ್ರವಿರುವ ತಿರುಪೊಂದನ್ನು ಆ ತೂತಿಗೆ ಕೂರಿಸಿ, ಹೊರಗಿನಿಂದ ಕಾಣದಂತೆ ಅರದಿಂದ ಉಜ್ಜಿ ನುಣುಪು ಮಾಡಿದ್ದರು. ನೋಡಲು ಬಹಳ ಅಂದವಾಗಿತ್ತು.

ಮೊದಲೆರಡು ಬಾರಿ, ಕಿಡಿ ಬೀಳಲೆಂದು ಕಿಡಿರಂಧ್ರದ ಹೊರಗಿರುವ ಪುಟ್ಟ ಬಟ್ಟಲಿನ ಮದ್ದು ಭುಗ್ಗೆಂದು ಉರಿದರೂ ಗುಂಡು ಹಾರಲಿಲ್ಲ. ನಳಿಗೆಯಲ್ಲಿದ್ದದ್ದು ಕರಿಮದ್ದಿನ ಬದಲಿಗೆ ಮಾರುವ ಪುಡಿ. ಅದು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕು, ಕಿಡಿರಂಧ್ರದ ಬೆಂಕಿ ಸಾಲುವುದಿಲ್ಲ. ಆ ಪುಡಿಯನ್ನು ತೆಗೆದು ನಿಜವಾದ ಕರಿಮದ್ದು ತುಂಬಿದ ಮೇಲೆ ಕೋವಿ ಸರಿಯಾಗಿ ಹಾರತೊಡಗಿತು. ಐದನೆಯ ಗುಂಡಿಗೆ ಆ ತಿರುಪು ಕಿತ್ತು ಬಲಗಡೆಗೆ ಚಿಮ್ಮಿ, ಪಕ್ಕದ ಮರದ ಕಂಬದೊಳಗೆ ಹೊಕ್ಕಿತು. ಮದ್ದುಗುಂಡನ್ನು ನಳಿಗೆಯೊಳಗೆ ತಳ್ಳುವ ಗಜವನ್ನು (ಉದ್ದನೆಯ ಕೋಲು) ತರಲೆಂದು ಗೆಳೆಯ ಆಗತಾನೇ ಅಲ್ಲಿಂದ ಸರಿದಿದ್ದ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಕಂಬದಿಂದ ಕಿತ್ತ ತಿರುಪನ್ನು ಒರೆಸಿ ನೋಡಿದೆ: ಎರಡೇ ಸುತ್ತು ಥ್ರೆಡ್ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಮಸಿ. ಅಂದರೆ ತಿರುಪು ಹಿಡಿದದ್ದು ಅಷ್ಟೇ; ಮಿಕ್ಕ ಜಾಗವನ್ನು ಸವೆದ ಹಳೆಯ ಥ್ರೆಡ್ಡಿನ ಮೇಲೆ ಸವರಿದ್ದ ಅಂಟು ತುಂಬಿತ್ತು, ಮೊದಲ ಗುಂಡಿನಿಂದಲೇ ಹೊಗೆ ಅಲ್ಲಿಂದ ನುಸುಳಿತ್ತು.

ಇಂಥ ಕೋವಿ ಈಗಾಗಲೇ ಕೈಯಲ್ಲಿದ್ದರೆ, ತಿರುಪಿನ ಅಂಚಿನಲ್ಲಿ ಮಸಿಯ ಗೆರೆ ಕಂಡ ಕೂಡಲೇ ನಿಲ್ಲಿಸಿ, ಬಲ್ಲ ಕೋವಿ ಕುಶಲಿಗೆ ತೋರಿಸಿ. ಸರಿಯಾದ ಚಕಮಕಿ ಕೋವಿಯಲ್ಲೂ ಪ್ರತಿ ಗುಂಡಿಗೆ ರಂಧ್ರದಿಂದ ಪಕ್ಕಕ್ಕೆ ಬೆಂಕಿ ಹಾರುವುದರಿಂದ ಆ ಬದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಿರಿ. ಚಕಮಕಿಯೇ ಬೇಕೆಂದರೆ ಅದಕ್ಕೆಂದೇ ಮಾಡಿ ಪರೀಕ್ಷಿಸಿದ ನಳಿಗೆಯನ್ನು ಕೊಳ್ಳಿ.

ನನ್ನ ಹಳೆಯ ನಳಿಗೆಯನ್ನು ಯಾರೂ ಮತ್ತೆ ಬಳಸದಂತೆ ಎರಡು ತುಂಡಾಗಿ ಕೊಯ್ಸಿದ್ದೇನೆ.