ಕಕ್ಕಡದ ಮಳೆಯಲ್ಲಿ ಕಂತೆಲೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಶೀಟಿನ ಮಾಡಿನ ಕೆಳಗೆ ಕೂತು, ಹೊರಗೆ ಮಳೆ ಹೊಡೆಯುತ್ತಿರುವಾಗ ನಾನು ಇಲ್ಲಿ ಹೇಳುತ್ತಿರುವ ಆಲ್ಬಂ ಅನ್ನು ಸ್ಪೀಕರ್‌ನಲ್ಲಿ ಹಾಕಬೇಡಿ. ಅದರಲ್ಲಿರುವ ಕಂತೆಲೆ ಫಿನ್‌ಲ್ಯಾಂಡಿನ ತಂತಿವಾದ್ಯ, ತುಂಬಾ ಮೆಲುದನಿಯದು. ಕಳೆದ ವರ್ಷ ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಹಿಂದಿನ ಶೆಡ್‌ನಲ್ಲಿ ಕಾಳುಮೆಣಸು ಆರಿಸುತ್ತಾ ನಾನು ಹಾಗೇ ಹಾಕಿದ್ದೆ. ಹಾಡುವವರ ದನಿ ಅಲ್ಲೊಂದು ಇಲ್ಲೊಂದು ಸಿಕ್ಕಿತು, ತಂತಿ ಒಂದೂ ಕೇಳಿಸಲಿಲ್ಲ. ರಾತ್ರಿ ಕರೆಂಟ್ ಹೋದ ಮೇಲೆ ಹೆಂಚಿನ ಮಾಡಿನ ಒಳಕೋಣೆಯಲ್ಲಿ ಕೂತು, ವೈರ್ ಇರುವ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಅವತ್ತಿನಿಂದ ಬಿಟ್ಟಿಲ್ಲ.

ಆಲ್ಬಂ ಫಿನ್‌ಲ್ಯಾಂಡಿನ ಲೋಯ್ತುಮಾ ಎಂಬ ನಾಲ್ವರ ತಂಡದ್ದು. 1995ರಲ್ಲಿ ಅವರ ದೇಶದಲ್ಲಿ ತಂಡದ ಹೆಸರಿನಲ್ಲೇ ಬಂತು. 1998ರಲ್ಲಿ ಅಮೆರಿಕದಲ್ಲಿ 'ಥಿಂಗ್ಸ್ ಆಫ್ ಬ್ಯೂಟಿ' ಎಂಬ ಹೆಸರಿನಲ್ಲಿ ಬಂತು. ಎರಡೂ ಬೇರೆ ಅಂದುಕೊಂಡು ಎರಡಕ್ಕೂ ದುಡ್ಡು ಕೊಡಬೇಡಿ.

ಈ ತಂಡದ ಒಂದು ಹಾಡು ನಿಮಗೆ ಗೊತ್ತಿರಬಹುದು. 2006ರಲ್ಲಿ ಕಾರ್ಟೂನ್ ಹುಡುಗಿಯೊಬ್ಬಳು ಈರುಳ್ಳಿ ಗಿಡದಂಥ ಲೀಕ್ ಸೊಪ್ಪನ್ನು ಗಿರಗಿರ ತಿರುಗಿಸುವ ವಿಡಿಯೋ ಎಲ್ಲರ ಕಂಪ್ಯೂಟರ್‌ನಲ್ಲೂ ಓಡಿತ್ತಲ್ಲ, ಆ 'ಇಯೆವನ್ ಪೋಲ್ಕ್ಕಾ' ಇವರದೇ. "ಅವ್ವಾ, ಇದು ಆ ಸೊಪ್ಪಿನ ಹುಡುಗಿಯ ಹಾಡು!" ಎಂದು ಮಗಳು ಕುಣಿದಳು. ಆದರೆ ಅದರಲ್ಲಿ ಕಂತೆಲೆಯೇ ಇಲ್ಲ, ಬರೀ ನಾಲ್ಕು ಗಂಟಲು. ಆ ಒಂದು ಹಾಡು ಕೇಳಿ ಇವರನ್ನು ಅಳೆದರೆ ಅರ್ಧ ಆಲ್ಬಂ ತಪ್ಪಿಸಿಕೊಂಡ ಹಾಗೆ.

ನಾನು ಮತ್ತೆ ಮತ್ತೆ ಹಾಕುವುದು 'ಎರಿಸ್ಕುಮ್ಮಾಯ್ನೆನ್ ಕಂತೆಲೆ'. ವಿಚಿತ್ರವಾದ ಕಂತೆಲೆ ಎಂದು ಅರ್ಥ. ಇದರ ಹಿಂದೆ ಒಂದು ಕಥೆ ಇದೆ. ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯರು ಹಳ್ಳಿಹಳ್ಳಿ ಸುತ್ತಿ ಹಾಡು ಬರೆದುಕೊಂಡು 1835ರಲ್ಲಿ 'ಕಾಲೆವಾಲಾ' ಎಂಬ ಮಹಾಕಾವ್ಯ ತಂದರು. ಅದರಲ್ಲಿ ಮುದುಕ ಗಾಯಕ ವೈನಮೋಯ್ನೆನ್ ದೊಡ್ಡ ಮೀನಿನ ದವಡೆ ಮೂಳೆಯಿಂದ ಮೊದಲ ಕಂತೆಲೆ ಮಾಡುತ್ತಾನೆ. ಅದೇ ಲೋನ್‌ರೋಟ್ 1840ರಲ್ಲಿ ತಂದ ಇನ್ನೊಂದು ಸಂಗ್ರಹ 'ಕಂತೆಲೆತಾರ್'. ಈ ಹಾಡಿನ ಮಾತು ಅಲ್ಲಿಯದು. ಅದು ಹೇಳುತ್ತದೆ, ಮೀನಿನ ಮೂಳೆಯ ಮಾತೆಲ್ಲ ಸುಳ್ಳು, ವಾದ್ಯ ಮಾಡಿದ್ದು ದುಃಖದಿಂದ. ಕಷ್ಟದ ದಿನಗಳಿಂದ ಅದರ ಒಡಲು, ಸಂಕಟಗಳಿಂದ ತಂತಿ. ಮಗಳು ಅರ್ಥ ಹುಡುಕಿ ಓದಿ ಹೇಳಿದಾಗ ನಾನು ಒಲೆ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನನ್ನ ಅವ್ವ ತೀರಿಹೋಗಿ ಆಗಿನ್ನೂ ಎಂಟು ತಿಂಗಳಾಗಿತ್ತು.

ದನಿ ಹೇಗಿದೆ ಅಂತ ಕೇಳಿದರೆ, ವೀಣೆಯ ಹಾಗಲ್ಲ. ವೀಣೆಯಲ್ಲಿ ಬೆರಳು ಸ್ವರವನ್ನು ಎಳೆದು ಬಾಗಿಸುತ್ತದೆ. ಇಲ್ಲಿ ಬಾಗುವುದೇ ಇಲ್ಲ. ಹಳೆಯ ಕಂತೆಲೆಗೆ ಐದೇ ತಂತಿ, ನಮ್ಮ ಸರಿಗಮಪ ಅಷ್ಟೇ. ಎರಡೂ ಕೈಯ ಬೆರಳುಗಳನ್ನು ಒಂದರ ನಡುವೆ ಒಂದು ಸೇರಿಸಿ, ತಂತಿಗೊಂದು ಬೆರಳಿಟ್ಟು ಮೀಟುತ್ತಾರೆ. ಮೀಟಿದ ತಂತಿಯನ್ನು ಅದುಮದೆ ಹಾಗೇ ಬಿಡುತ್ತಾರೆ. ಒಂದು ಸ್ವರ ಇಳಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತದೆ. ಇನ್ನೊಂದು ವಿಷಯ, ಹಳೆಯ ಮಾದರಿಯಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಪಟ್ಟಿ, ವೀಣೆಯಲ್ಲಿ ಕುದುರೆ ಅನ್ನುತ್ತಾರಲ್ಲ, ಅದು ಇರುವುದಿಲ್ಲ. ತಂತಿಯ ತುದಿಯನ್ನು ಒಂದು ಕಂಬಿಗೆ ಗಂಟು ಹಾಕಿರುತ್ತಾರೆ. ಆ ಗಂಟಿನಿಂದಾಗಿ ಒಂದೇ ತಂತಿಯ ದನಿಯೂ ಸಣ್ಣಗೆ ಅಲೆಯುತ್ತದೆ. ಹೆಡ್‌ಫೋನ್‌ನಲ್ಲಿ ಅದು ಚೆನ್ನಾಗಿ ತಿಳಿಯುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಪೂರ್ತಿ ಮಾಯ.

ಅಪ್ಪ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಿದ್ದ ನಾಲ್ವರಲ್ಲಿ ಒಬ್ಬರು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಅವರು ಮನೆಮನೆಗೆ ಹೋಗುವಾಗ ನಾನೂ ಹಿಂದೆ ಓಡುತ್ತಿದ್ದೆ. ಇಬ್ಬರು ಸಾಲು ಎತ್ತಿದರೆ ಇನ್ನಿಬ್ಬರು ಅದನ್ನೇ ಮತ್ತೆ ಹಾಡುವರು. ಫಿನ್‌ಲ್ಯಾಂಡಿನ ಹಳೇ ಹಾಡುಗಾರರೂ ಹೀಗೇ. ಒಬ್ಬ ಸಾಲು ಹಾಡುತ್ತಾನೆ, ಕೊನೆಯ ಮಾತಿಗೆ ಇನ್ನೊಬ್ಬ ಸೇರಿಕೊಂಡು ಇಡೀ ಸಾಲನ್ನು ತಿರುಗಿ ಹಾಡುತ್ತಾನೆ. ನಮ್ಮ ಕೊಡವ ಹಾಡುಗಳು 'ಪಟ್ಟೋಲೆ ಪಳಮೆ' ಎಂಬ ಪುಸ್ತಕದಲ್ಲಿ ಅಚ್ಚಾದದ್ದು 1924ರಲ್ಲಿ. ಬರೆದಿಟ್ಟವರು ಇಲ್ಲದಿದ್ದರೆ ಎರಡೂ ಕಡೆ ಎಷ್ಟು ಹಾಡು ಹೋಗಿಬಿಡುತ್ತಿತ್ತೋ ಅಂತ ಅನಿಸಿತು. ಅಪ್ಪನ ದನಿಯನ್ನು ನಾವು ಒಂದು ಕ್ಯಾಸೆಟ್‌ನಲ್ಲೂ ಹಿಡಿದಿಡಲಿಲ್ಲ, ಅದು ಈಗಲೂ ನೋಯುತ್ತದೆ.

ಫಿನ್‌ಲ್ಯಾಂಡಿನವರು ಇಂಥ ಜನಪದ ಹಾಡನ್ನು ಕಾಲೇಜಿನಲ್ಲೇ ಕಲಿಸುತ್ತಾರೆ. ಹೆಲ್ಸಿಂಕಿಯ ಸಿಬೆಲಿಯುಸ್ ಅಕಾಡೆಮಿಯಲ್ಲಿ 1983ರಲ್ಲಿ ಜನಪದ ಸಂಗೀತಕ್ಕೆಂದೇ ವಿಭಾಗ ಶುರುವಾಯಿತು. ಲೋಯ್ತುಮಾ ಹುಟ್ಟಿದ್ದೂ ಅಲ್ಲೇ, 1989ರಲ್ಲಿ. ಓದಿ ಕಲಿತವರು ಎನ್ನುವುದು ಕೇಳಿದರೇ ಗೊತ್ತಾಗುತ್ತದೆ. ನಾಲ್ಕು ದನಿ ಒಂದಕ್ಕೊಂದು ಅಷ್ಟು ಹೊಂದಿಕೊಂಡಿವೆ. ನನ್ನ ಒಂದೇ ದೂರು ಅದರಿಂದಲೇ. ಕೆಲವು ಕಡೆ ಹಾಡು ಜಾಸ್ತಿ, ಕಂತೆಲೆ ಹಿಂದೆ ಸರಿದುಬಿಡುತ್ತದೆ. ಬರೀ ತಂತಿಯದೇ ಇನ್ನೂ ಒಂದೆರಡು ಇದ್ದಿದ್ದರೆ ಅನಿಸುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಬರೀ ತಂತಿ ಬೇಕೆಂದರೆ 'ಕೊನೆವಿತ್ಸನ್ ಕಿರ್ಕೊನ್‌ಕೆಲ್ಲೊತ್' ಹುಡುಕಿ, ಬೇರೆ ಬೇರೆಯವರು ನುಡಿಸಿದ್ದು ಸಿಗುತ್ತದೆ. ಲಾಡೋಗಾ ಸರೋವರದ ದ್ವೀಪವೊಂದರಲ್ಲಿರುವ ಮಠದ ಗಂಟೆಗಳ ಸದ್ದನ್ನು ಕಂತೆಲೆಯಲ್ಲಿ ತಂದಿರುವ ಹಳೆಯ ನುಡಿಸಾಣಿಕೆ. ದೊಡ್ಡ ಗಂಟೆ ನಿಧಾನಕ್ಕೆ, ಸಣ್ಣವು ಅದರ ಮೇಲೆ ಬೇಗಬೇಗ. ಬೆಳಿಗ್ಗೆ ಮಂಜು ಮುಸುಕಿರುವಾಗ ದೇವಸ್ಥಾನದ ಗಂಟೆ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ ನೋಡಿ, ಹಾಗೆ.

ಸಿಡಿ ತರಿಸುವವರಿಗೆ ಒಂದು ಸಲಹೆ. ನಾನು ಬೆಂಗಳೂರಿನ ತಮ್ಮನ ಕೈಲಿ ಹಳೇ ಸಿಡಿ ಒಂದನ್ನು ತರಿಸಿಕೊಂಡೆ. ಕಪಾಟಿನಲ್ಲಿಟ್ಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಪುಸ್ತಿಕೆಗೆ ಬೂಷ್ಟು ಹಿಡಿದು ಪುಟಗಳು ಅಂಟಿಕೊಂಡವು. ಈಗ ಸಿಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯ ಮೇಲಿನ ಅಟ್ಟದ ಪಕ್ಕ ಇಟ್ಟಿದ್ದೇನೆ. ಫೋನಿನಲ್ಲಿ ಕೇಳುವವರು ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜೂನ್ ಬಂದರೆ ನಮ್ಮ ಕಡೆ ನೆಟ್‌ವರ್ಕ್ ಯಾವಾಗ ಹೋಗುತ್ತದೆ ಎಂದು ಹೇಳೋಕಾಗಲ್ಲ.