ಪುಡಿ ಮಾಡುವ ಸಣ್ಣ ಮಿಕ್ಸಿ: ಬ್ಲೇಡಿಗೆ ಪೂರ್ತಿ ಅಂಕ, ಮುಚ್ಚಳದ ರಬ್ಬರಿಗೆ ಸೊನ್ನೆ

ಮೋಟಾರಿನ ವ್ಯಾಟು, ಜಾರಿನ ಅಳತೆ, ವಾರಂಟಿ ಎಲ್ಲ ಪೆಟ್ಟಿಗೆಯ ಮೇಲೆಯೇ ಇರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ನಾನು ಬರೆಯುತ್ತಿರುವುದು ಉಡುಪಿಯ ನಮ್ಮ ಮನೆಯಲ್ಲಿ ಮಸಾಲೆ ಪುಡಿ ಮಾಡುವುದಕ್ಕೆಂದೇ ತಂದಿಟ್ಟ ಸಣ್ಣ ಮಿಕ್ಸಿಯ ಬಗ್ಗೆ. ತಂದ ಮೇಲೆ ಎರಡು ಮಳೆಗಾಲ ದಾಟಿತು. ದೋಸೆ ಹಿಟ್ಟಿಗೆ ಗ್ರೈಂಡರ್ ಉಂಟು, ತೆಂಗಿನಕಾಯಿ ಮಸಾಲೆ ಕಡೆಯುವುದಕ್ಕೆ ಹಳೆಯ ದೊಡ್ಡ ಮಿಕ್ಸಿ ಉಂಟು. ಹಾಗಾಗಿ ಇದಕ್ಕೆ ಒದ್ದೆ ಪದಾರ್ಥ ಹಾಕುವ ಪ್ರಮೇಯವೇ ಬರಲಿಲ್ಲ. ಸಾರಿನ ಪುಡಿ, ಹುಳಿ ಪುಡಿ, ಮೆಣಸ್ಕಾಯಿಗೆ (ಹಣ್ಣು, ಬೆಲ್ಲ ಹಾಕಿ ಮಾಡುವ ಸಿಹಿ-ಖಾರದ ಪದಾರ್ಥ) ಎಳ್ಳಿನ ಪುಡಿ, ಕೋಳಿಗೆ ಕುಂದಾಪುರ ಮಸಾಲೆ ಪುಡಿ: ಇಷ್ಟೇ ಇದರ ಕೆಲಸ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ಕ್ರಿಮಿ ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಕಾರಣ ಕೊಟ್ಟು ನಮ್ಮ ದೇಶದ ಕೆಲವು ಮಸಾಲೆ ಪೊಟ್ಟಣಗಳನ್ನು ತಡೆದಾಗ, ನಮ್ಮ ಬೀದಿಯಲ್ಲಿ ಬಹಳ ಮಂದಿ ಮನೆಯಲ್ಲೇ ಪುಡಿ ಮಾಡಲು ಶುರುಮಾಡಿದರು. ನಾನು ಮಾಡುವುದು ಆ ಕಾರಣಕ್ಕಲ್ಲ. ಮೆಣಸಿಗೆ ಹೊಲದಲ್ಲಿ ಹೊಡೆದ ಔಷಧಿ ನಮ್ಮ ಜಾರಿನಲ್ಲಿ ತಿರುಗಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ನಾನು ಮಾಡುವುದು ಪರಿಮಳಕ್ಕೆ. ಆ ಲೆಕ್ಕದಲ್ಲಿ ಈ ಯಂತ್ರ ಕೊಟ್ಟ ಸಂತೋಷ ದೊಡ್ಡದು, ಅದನ್ನೇ ಮೊದಲು ಹೇಳುತ್ತೇನೆ.

ಸಾರಿನ ಪುಡಿಗೆ ನನ್ನ ಅಳತೆ ಹೀಗೆ: ಒಂದು ಕುಡ್ತೆ (ನಮ್ಮ ಕಡೆಯ ಸಣ್ಣ ಅಳತೆ ಲೋಟ) ಕೊತ್ತಂಬರಿ, ಎರಡು ಚಮಚ ಜೀರಿಗೆ, ಒಂದು ಚಮಚ ಮೆಂತೆ, 20ರಿಂದ 25 ಬ್ಯಾಡಗಿ ಮೆಣಸು, ಕಡಲೆಕಾಳಿನಷ್ಟು ಗಟ್ಟಿ ಇಂಗು, ಎರಡು ಎಸಳು ಕರಿಬೇವು. ಬೇಳೆ ಹಾಕುವುದಿಲ್ಲ. ಹಾಕಿದರೆ ಸಾರು ದಪ್ಪವಾಗಿ ಅದರ ತಿಳಿ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ದಪ್ಪ ತಳದ ಬಾಣಲೆ ಇಟ್ಟು, ಅರ್ಧ ಚಮಚ ತೆಂಗಿನೆಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಒಂದೊಂದನ್ನೇ ಹುರಿಯುತ್ತೇನೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೆಂತೆ ಕೆಂಪಾಗುವಷ್ಟರಲ್ಲಿ ಜೀರಿಗೆ ಕರಟಿರುತ್ತದೆ. ಮೆಂತೆಯ ಹದ ತಪ್ಪಿದರೆ ಇಡೀ ಪುಡಿ ಕಹಿ. ಕೊತ್ತಂಬರಿಯ ಹದಕ್ಕೆ ಹಲ್ಲೇ ಸಾಕ್ಷಿ: ಒಂದು ಕಾಳು ಕಚ್ಚಿದಾಗ ಕಟ್ಟೆಂದು ಮುರಿದರೆ ಇಳಿಸುವ ಹೊತ್ತು, ನಾರು ನಾರಾಗಿ ಸಿಕ್ಕಿದರೆ ಇನ್ನೂ ಸ್ವಲ್ಪ. ಜೀರಿಗೆಗೆ ಬೆಂಕಿಯೇ ಬೇಡ, ಕೊತ್ತಂಬರಿ ತೆಗೆದ ಬಿಸಿ ಬಾಣಲೆ ಸಾಕು. ಇಂಗು ಎಣ್ಣೆಯಲ್ಲಿ ಉಬ್ಬಬೇಕು, ಕರಿಬೇವು ಮುಟ್ಟಿದರೆ ಪುಡಿಯಾಗಬೇಕು.

ಮೆಣಸು ಕೊನೆಗೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಈ ಹಾವೇರಿ ಸೀಮೆಯ ಮೆಣಸನ್ನು ಬಿಟ್ಟು ಕರಾವಳಿಯ ಅಡುಗೆ ಮುಂದೆ ಹೋಗುವುದಿಲ್ಲ. ಆದರೆ ಯಂತ್ರಕ್ಕೆ ನಿಜವಾದ ಪರೀಕ್ಷೆ ಒಡ್ಡುವುದೂ ಇದೇ. ಸುಕ್ಕುಸುಕ್ಕಾದ ಇದರ ಸಿಪ್ಪೆ ಸ್ವಲ್ಪ ತಂಪು ಹಿಡಿದರೂ ಚರ್ಮದ ಹಾಗೆ ಬಾಗುತ್ತದೆ. ದೊಡ್ಡ ಮಿಕ್ಸಿಯ ಅಗಲ ಜಾರಿನಲ್ಲಿ ಬೀಜ ಮಾತ್ರ ಪುಡಿಯಾಗಿ, ಸಿಪ್ಪೆ ಕೆಂಪು ಚೂರುಗಳಾಗಿ ಗೋಡೆಗೆ ಹಾರಿ ಅಲ್ಲಿಯೇ ಕೂರುತ್ತಿತ್ತು. ಈ ಸಣ್ಣ ಜಾರಿನ ತಳ ಕಿರಿದು, ಬ್ಲೇಡು ತಳಕ್ಕೆ ಹತ್ತಿರ. ಮೆಣಸನ್ನು ಗರಿಗರಿ ಹುರಿದು, ತೊಟ್ಟು ತೆಗೆದು, ಕೈಯಲ್ಲೇ ಎರಡು ಮೂರು ತುಂಡು ಮಾಡಿ, ಮೊದಲು ಅದೊಂದನ್ನೇ ಹಾಕಿ ತಿರುಗಿಸಿದರೆ ಜರಡಿಯಲ್ಲಿ ಉಳಿಯುವುದು ಒಂದು ಚಿಟಿಕೆ. ಆಮೇಲೆ ಉಳಿದದ್ದನ್ನು ಸೇರಿಸುತ್ತೇನೆ. ಬ್ಲೇಡಿಗೆ ಪೂರ್ತಿ ಅಂಕ ಎಂದದ್ದು ಇದಕ್ಕೇ. ಇಷ್ಟು ದಿನ ಉಜ್ಜಿದರೂ ಮೊನೆ ಹೋಗಿಲ್ಲ.

ಒಂದು ಮಾತು ಮಾತ್ರ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಸ್ವಿಚ್ಚನ್ನು ಒಂದೇ ಸಮನೆ ತಿರುಗಿಸಿ ಬಿಡಬೇಡಿ. ಎಡಕ್ಕೆ ತಿರುಗಿಸಿ ಹಿಡಿದು ಬಿಡುವ ಗುಂಡಿ ಇರುತ್ತದಲ್ಲ, ಅದರಲ್ಲೇ ಬಿಟ್ಟು ಬಿಟ್ಟು ಓಡಿಸಿ. ಕೊತ್ತಂಬರಿಯ ಪರಿಮಳ ಅದರ ಎಣ್ಣೆಯಲ್ಲಿದೆ, ಲಿನಲೂಲ್ ಅದರಲ್ಲಿ ಮುಖ್ಯವಾದದ್ದು. ಬಿಸಿ ತಾಗಿದರೆ ಅದು ಹಾರಿಹೋಗುತ್ತದೆ. ಬ್ಲೇಡಿನ ಉಜ್ಜಾಟಕ್ಕೆ ಜಾರಿನ ತಳ ಕೈ ಸುಡುವಷ್ಟು ಕಾಯುತ್ತದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಕೆಲವು ಕಾರ್ಖಾನೆಗಳಲ್ಲಿ ಇದೇ ಕಾರಣಕ್ಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬಿಟ್ಟು ತಣ್ಣಗಿಟ್ಟುಕೊಂಡು ಮಸಾಲೆ ಪುಡಿ ಮಾಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ಹುರಿದದ್ದು ಪೂರ್ತಿ ಆರಿರಬೇಕು, ನಡುನಡುವೆ ಯಂತ್ರಕ್ಕೂ ವಿರಾಮ ಬೇಕು, ಪುಡಿಯಾದ ಕೂಡಲೇ ಮುಚ್ಚಳ ತೆಗೆಯಬಾರದು. ಮುಚ್ಚಳ ತೆಗೆದಾಗ ಮನೆಯಿಡೀ ಘಮಘಮ ಎಂದರೆ ಖುಷಿಯೇನೋ ಆಗುತ್ತದೆ, ಆದರೆ ಆ ಪರಿಮಳ ಬಂದದ್ದು ಪುಡಿಯಿಂದಲೇ, ಅಷ್ಟರಮಟ್ಟಿಗೆ ಸಾರಿಗೆ ಕಡಿಮೆಯಾಯಿತು. ಹತ್ತು ನಿಮಿಷ ಮುಚ್ಚಿಟ್ಟು, ಜಾರನ್ನು ಎರಡು ಸಲ ತಟ್ಟಿ, ಜಾರು ತಣ್ಣಗಾದ ಮೇಲೆ ತೆಗೆಯಿರಿ.

ಇಂಥ ಪುಡಿ ಹಾಕಿದ ಸಾರಿಗೆ ಎರಡು ಕುದಿ ಸಾಕು. ಪೊಟ್ಟಣದ ಪುಡಿ ಎರಡು ಚಮಚ ಬೇಕಾಗಿದ್ದಲ್ಲಿ ಇದು ಒಂದು ಚಮಚ ಹಿಡಿಯುತ್ತದೆ. ಒಗ್ಗರಣೆ ಬೀಳುವ ಮೊದಲೇ ಅತ್ತೆ ಒಳಕೋಣೆಯಿಂದ "ಇವತ್ತು ಹೊಸ ಪುಡಿಯಾ?" ಎಂದು ಕೇಳುತ್ತಾರೆ. ಹದಿನೈದು ದಿನಕ್ಕೆ ಬೇಕಾದಷ್ಟೇ ಮಾಡಿ ಮುಗಿಸುವ ಅನುಕೂಲ ಮಿಲ್ಲಿನಲ್ಲಿಲ್ಲ, ಪೊಟ್ಟಣದಲ್ಲಿಲ್ಲ. ನಾನು ಕೊಟ್ಟ ಎರಡು ಸಾವಿರ ಚಿಲ್ಲರೆ ರೂಪಾಯಿ ಈ ಒಂದು ಸಾರಿನಲ್ಲೇ ವಸೂಲಾಗಿದೆ ಎಂದು ಮನಸಾರೆ ಹೇಳುತ್ತೇನೆ.

ಇನ್ನು ಮುಚ್ಚಳದ ಕಥೆ.

ನಮ್ಮ ಮನೆಯಲ್ಲಿ ಸೋಮವಾರ ಮತ್ತು ಸಂಕ್ರಮಣಕ್ಕೆ ಮೀನಿಲ್ಲ, ಅತ್ತೆಯ ವ್ರತದ ದಿನಗಳಲ್ಲಿ ಬೆಳ್ಳುಳ್ಳಿಯೂ ಇಲ್ಲ. ಉಳಿದ ದಿನ ಕೋಳಿಗೆ ಕುಂದಾಪುರದ ಮಸಾಲೆ ಪುಡಿಯೇ ಆಗಬೇಕು. ಅದರಲ್ಲಿ ಕೊತ್ತಂಬರಿಗಿಂತ ಮೆಣಸಿನದೇ ಕಾರುಬಾರು: ಕಾಲು ಕಿಲೋ ಬ್ಯಾಡಗಿಗೆ ನೂರು ಗ್ರಾಂ ಕೊತ್ತಂಬರಿ, ಜೊತೆಗೆ ಒಳ್ಳೆಮೆಣಸು (ಕಾಳುಮೆಣಸು), ಜೀರಿಗೆ, ಮೆಂತೆ, ಅರಸಿನ, ಸಿಪ್ಪೆಸಮೇತ ಹುರಿದು ಒಣಗಿಸಿದ ಒಂದು ಗಡ್ಡೆ ಬೆಳ್ಳುಳ್ಳಿ. ಈ ಜಾರಿಗೆ ಅಷ್ಟು ಒಂದೇ ಸಲ ಹಿಡಿಯುವುದಿಲ್ಲ, ಮೂರು ನಾಲ್ಕು ಕಂತು ಬೇಕು. ಅದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ತೊಳೆಯುವಾಗ. ಸ್ಟೀಲು ಜಾರಿನಿಂದ ವಾಸನೆ ಒಂದು ಮುಷ್ಟಿ ಅಕ್ಕಿ ಹಾಕಿ ತಿರುಗಿಸಿದರೆ ಹೋಗುತ್ತದೆ. ಮುಚ್ಚಳದ ಒಳಗೆ ಸುತ್ತ ಕೂತಿರುವ ಆ ಬಿಳಿ ರಬ್ಬರಿನ ವಾಷರ್ ಮಾತ್ರ ಒಮ್ಮೆ ಬೆಳ್ಳುಳ್ಳಿಯನ್ನು ಹಿಡಿದುಕೊಂಡರೆ ಬಿಡುವುದೇ ಇಲ್ಲ. ಬೆಳ್ಳುಳ್ಳಿಯ ವಾಸನೆ ಗಂಧಕ ಸೇರಿದ ಎಣ್ಣೆಯದು. ಆ ಎಣ್ಣೆ ರಬ್ಬರಿನ ಒಳಕ್ಕೇ ಇಳಿಯುತ್ತದೆ, ಮೇಲಿಂದ ಸಾಬೂನು ಉಜ್ಜಿದರೆ ಏನೂ ಪ್ರಯೋಜನವಿಲ್ಲ.

ಮುಂದಿನ ಭಾನುವಾರದ ಸಾರಿನ ಪುಡಿಗೆ ಬಿಸಿ ತಾಗುತ್ತಲೇ ರಬ್ಬರು ತಾನು ಕುಡಿದದ್ದನ್ನು ವಾಪಸು ಕೊಡುತ್ತದೆ. ವ್ರತದ ದಿನ ಅತ್ತೆ ಸಾರಿನ ಪಾತ್ರೆಯ ಮುಚ್ಚಳ ಸರಿಸಿದವರೇ, "ಇದರಲ್ಲಿ ಬೆಳ್ಳುಳ್ಳಿ ಉಂಟಲ್ಲ ಮಗಾ" ಎಂದರು. ಬಯ್ಯಲಿಲ್ಲ. ಬರೀ ಮಜ್ಜಿಗೆ ಅನ್ನ ಉಂಡು ಎದ್ದರು. ಆ ಪುಡಿಗೆ ಒಂದು ಎಸಳು ಬೆಳ್ಳುಳ್ಳಿಯೂ ಬಿದ್ದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಆಗ. ವ್ರತ ಮಾಡುವ ಒಬ್ಬರು, ಕೋಳಿ ತಿನ್ನುವ ನಾಲ್ವರು ಒಂದೇ ಸೂರಿನಡಿ ಇರುವುದು ನಮ್ಮ ಜಿಲ್ಲೆಯಲ್ಲಿ ಮನೆಮನೆಯ ಸಂಗತಿ. ಒಣ ಮಸಾಲೆಗೆಂದೇ ಮಾರುವ ಯಂತ್ರದ ಮುಚ್ಚಳ ಮಾಡುವವರಿಗೆ ಇದು ತೋಚಬೇಕಿತ್ತು.

ವಿನೆಗರಿನಲ್ಲಿ ನೆನೆಸಿ ನೋಡಿದೆ, ಅಡುಗೆ ಸೋಡಾ ಹಚ್ಚಿ ನೋಡಿದೆ, ಲಿಂಬೆ ಸಿಪ್ಪೆ ತಿಕ್ಕಿ ನೋಡಿದೆ. ಕೆಲಸಕ್ಕೆ ಬಂದದ್ದು ಬಿಸಿಲು ಒಂದೇ. ಮಾರ್ಚ್ ಏಪ್ರಿಲಿನ ಬಿಸಿಲಿಗೆ ಟೆರೇಸಿನಲ್ಲಿ ಎರಡು ದಿನ ಒಣಹಾಕಿದರೆ ವಾಸನೆ ಮುಕ್ಕಾಲು ಪಾಲು ಹೋಗುತ್ತದೆ. ಆದರೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿದು. ಜೂನ್ ಕಾಲಿಟ್ಟ ಮೇಲೆ ಬಟ್ಟೆಯೇ ಒಣಗುವುದಿಲ್ಲ, ರಬ್ಬರಿಗೆಲ್ಲಿಂದ ಬಿಸಿಲು? ಅದು ಸಾಲದೆಂಬಂತೆ ವಾಷರ್ ಕೂತಿರುವ ಸಂದು ಆಳ, ಕಿರಿದು. ಅಲ್ಲಿ ಸಿಕ್ಕಿಬಿದ್ದ ಪುಡಿ ಹವೆಯ ಪಸೆ ಹೀರಿ ಉಂಡೆಕಟ್ಟಿ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಅದರ ಮೇಲೆ ಕಪ್ಪು ಬೂಷ್ಟು ಬಂದಿತ್ತು. ಈಗ ಪ್ರತಿಸಲ ಹಲ್ಲುಕಡ್ಡಿಯಿಂದ ವಾಷರ್ ಎಬ್ಬಿಸಿ, ಹಳೆಯ ಬ್ರಶ್ಶಿನಿಂದ ಸಂದು ಉಜ್ಜಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಗ್ಯಾಸ್ ಒಲೆಯ ಪಕ್ಕದ ಮೊಳೆಗೆ ನೇತುಹಾಕುತ್ತೇನೆ. ಪುಡಿ ಮಾಡಲು ಹಿಡಿಯುವ ಹೊತ್ತಿಗಿಂತ ಈ ಆರೈಕೆಗೇ ಹೆಚ್ಚು ಹೊತ್ತು ಬೇಕು.

ಒಂದು ಹೆಚ್ಚುವರಿ ವಾಷರ್ ಇದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಬೆಳ್ಳುಳ್ಳಿಗೊಂದು, ಸಾರಿಗೊಂದು. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, "ವಾಷರ್ ಒಂದೇ ಸಿಗ್ಲಿಕ್ಕಿಲ್ಲ ಅಕ್ಕ, ಮುಚ್ಚಳ ಪೂರ್ತಿ ತಗೊಳ್ಬೇಕಾಗ್ತದೆ" ಎಂದರು. ಮುಚ್ಚಳಕ್ಕೆ 350 ರೂಪಾಯಿ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಯಾವ ಪಾತ್ರೆ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ, ಕುಕ್ಕರ್ ಇರುವಷ್ಟು ಕಾಲ ಸಿಗುತ್ತದೆ. ಕೈಬೆರಳಿನಷ್ಟೂ ದಪ್ಪವಿಲ್ಲದ ಈ ರಬ್ಬರಿಗೆ ಮುಚ್ಚಳ ಪೂರ್ತಿ ಕೊಳ್ಳಿ ಎನ್ನುವುದು ನ್ಯಾಯವಲ್ಲ. ಮಿಕ್ಸಿ ರಿಪೇರಿ ಅಂಗಡಿಗಳಲ್ಲಿ ಕಪ್ಲರ್, ಬುಷ್ ಎಲ್ಲ ಸಿಕ್ಕಿತು, ಈ ಅಳತೆಯ ವಾಷರ್ ಸಿಗಲಿಲ್ಲ. ಕೊನೆಗೆ ಮುಚ್ಚಳವನ್ನೇ ಕೊಂಡೆ. ಒಂದರ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ, ಅದು ಬೆಳ್ಳುಳ್ಳಿಯದು. ಅಂದಿನಿಂದ ಸಾರಿನ ಬಗ್ಗೆ ದೂರು ಬಂದಿಲ್ಲ, ನನ್ನ ಸಿಟ್ಟೂ ಅರ್ಧ ಇಳಿದಿದೆ. ಉಳಿದರ್ಧ ಆ 350 ರೂಪಾಯಿಯ ಮೇಲಿನದು.

ಮಿಲ್ಲಿಗೆ ಹಾಕಿಸುವುದೇ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ: ವರ್ಷದ ಮೆಣಸಿನ ಪುಡಿ, ಅರಸಿನ ಪುಡಿಗೆ ಖಂಡಿತ ಮಿಲ್ಲೇ ಸೈ. ಮೇ ತಿಂಗಳು ಮುಗಿಯುವ ಮೊದಲು ಮೆಣಸನ್ನು ಅಂಗಳದಲ್ಲಿ ಗಲಗಲ ಎನ್ನುವಂತೆ ಒಣಗಿಸಿ ನಾನೂ ಒಯ್ಯುತ್ತೇನೆ. ಅರಸಿನ ಕೊಂಬನ್ನು ಈ ಜಾರಿಗೆ ಹಾಕಲೇಬೇಡಿ, ಅದು ಕಲ್ಲಿನಷ್ಟು ಗಟ್ಟಿ, ಬ್ಲೇಡು ಹೋಗುತ್ತದೆ. ಆದರೆ ಮಿಲ್ಲಿನಲ್ಲಿ ನಮಗಿಂತ ಮುಂಚೆ ಹಾಕಿಸಿದವರ ಮಸಾಲೆ ನಮ್ಮ ಪುಡಿಯ ಮೊದಲ ಮುಷ್ಟಿಗೆ ಸೇರಿಯೇ ಸೇರುತ್ತದೆ, ವ್ರತದ ಸಾರಿಗೆ ಅದೂ ಆಗುವುದಿಲ್ಲ. ಒಂದು ಕುಡ್ತೆ ಕೊತ್ತಂಬರಿ ಹಿಡಿದುಕೊಂಡು ಹೋದರೆ ಯಾವ ಮಿಲ್ಲಿನವರೂ ಯಂತ್ರ ಚಾಲೂ ಮಾಡುವುದಿಲ್ಲ. ಮಂಗಳೂರಿನ ನನ್ನ ಗೆಳತಿಯ ಮನೆಯಲ್ಲಿ ಬಾಫಾತ್ ಪುಡಿಯನ್ನು (ಮಂಗಳೂರು ಕ್ರೈಸ್ತರ ಅಡುಗೆಯ ಮಸಾಲೆ ಪುಡಿ) ವರ್ಷಕ್ಕೊಮ್ಮೆ ಕಿಲೋಗಟ್ಟಲೆ ಮಿಲ್ಲಿನಲ್ಲಿ ಮಾಡಿಸಿ ಭರಣಿಗೆ ತುಂಬುತ್ತಾರೆ. ಅವರ ಅಡುಗೆಯ ಲೆಕ್ಕಕ್ಕೆ ಅದೇ ಸರಿ, ಅವರಿಗೆ ಈ ಯಂತ್ರ ಬೇಡ.

ಎಳ್ಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅನಾನಸು ಮೆಣಸ್ಕಾಯಿಗೆ ಎಳ್ಳನ್ನು ಒಂದನ್ನೇ ಹಾಕಿ ತಿರುಗಿಸಿದರೆ ಎಣ್ಣೆ ಬಿಟ್ಟು ತಳಕ್ಕೆ ಮೆತ್ತಿಕೊಳ್ಳುತ್ತದೆ. ಹುರಿದ ಉದ್ದಿನಬೇಳೆ, ಮೆಣಸು ಮೊದಲು ಪುಡಿಯಾಗಲಿ, ಎಳ್ಳು ಕೊನೆಯ ಎರಡು ಸುತ್ತಿಗೆ ಬರಲಿ. ಆಗ ಉದುರು ಉದುರಾಗಿ ಬರುತ್ತದೆ, ಕುದಿಯುವ ಬೆಲ್ಲದ ರಸಕ್ಕೆ ಬಿದ್ದಾಗಲೂ ಗಂಟು ಕಟ್ಟುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಪುಡಿ ಮಾಡುವ ತಾಳ್ಮೆ ಇದ್ದವರಿಗೆ, ಸಣ್ಣ ಸಂಸಾರಕ್ಕೆ, ಈ ಬಗೆಯ ಯಂತ್ರ ಕೊಳ್ಳಿ ಎಂದೇ ಹೇಳುತ್ತೇನೆ. ಅಂಗಡಿಯಲ್ಲಿ ಮೋಟಾರಿನ ಸದ್ದು ಕೇಳಿಸಲು ಅವರು ಸ್ವಿಚ್ಚು ಹಾಕುತ್ತಾರೆ, ಅದನ್ನು ಬಿಡಿ. ಮುಚ್ಚಳ ಕೈಗೆ ತೆಗೆದುಕೊಂಡು ವಾಷರ್ ಬೆರಳಲ್ಲೇ ಬಿಚ್ಚಲು ಬರುತ್ತದೆಯೇ, ಅದರ ಸಂದಿಗೆ ಬಟ್ಟೆಯ ತುದಿ ಹೋಗುತ್ತದೆಯೇ ನೋಡಿ. ವಾಷರ್ ಬಿಡಿಯಾಗಿ ಕೊಡುತ್ತೀರಾ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಎರಡನೇ ಮುಚ್ಚಳದ ಬೆಲೆಯನ್ನೂ ಅವತ್ತೇ ಸೇರಿಸಿ ಚೌಕಾಸಿ ಮಾಡಿ.