ಬಂಗಿನ ಕ್ರೀಮು: ಔಷಧಕ್ಕೆ ನಾಲ್ಕು ಅಂಕ, ಮಾರುವ ರೀತಿಗೆ ಸೊನ್ನೆ

ಹೆರಿಗೆಯ ಬಳಿಕ ನನ್ನ ಕೆನ್ನೆಗಳಲ್ಲಿ ಉಳಿದುಕೊಂಡ ಬಂಗು, ಅಂದರೆ ಕಂದು ಕಲೆ, ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಇನ್ನಷ್ಟು ಕಪ್ಪಾಗಿತ್ತು. ಮಗು ಮೊಲೆಹಾಲು ಬಿಟ್ಟ ಮೇಲೆ ಮಂಗಳೂರಿನ ಚರ್ಮವೈದ್ಯರು ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡು ಕೂಡಿದ ಕ್ರೀಮನ್ನು ಬರೆದುಕೊಟ್ಟರು.

ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ, ಮುಖ ತೊಳೆದು, ತೇವ ಪೂರ್ತಿ ಆರುವವರೆಗೆ ಕಾದು, ಕಡಲೆಕಾಳಿಗಿಂತ ಚಿಕ್ಕದಾದ ಬೊಟ್ಟನ್ನು ಉಂಗುರಬೆರಳಿನಿಂದ ಕಲೆಯ ಅಂಚು ದಾಟದಂತೆ ಹಚ್ಚಿಕೊಳ್ಳುವುದು ನನಗೆ ದಿನದ ಅತ್ಯಂತ ನೆಮ್ಮದಿಯ ಗಳಿಗೆಯಾಗಿಬಿಟ್ಟಿತು. ಕಣ್ಣಿನ ಸುತ್ತ ಮತ್ತು ಮೂಗಿನ ಮೂಲೆಗಳಲ್ಲಿ ಹಚ್ಚುವಂತಿಲ್ಲ. ಮೊದಮೊದಲು ಸ್ವಲ್ಪ ಉರಿದು ಸಿಪ್ಪೆ ಎದ್ದಿತು, ಆಮೇಲೆ ಕಲೆ ತಿಳಿಯಾಗುತ್ತ ಬಂತು. 8 ವಾರಗಳಾದ ಮೇಲೆ ವೈದ್ಯರು ಅದನ್ನು ನಿಲ್ಲಿಸಿ, ಸ್ಟೀರಾಯ್ಡು ಇಲ್ಲದ ಅಜೆಲಾಯಿಕ್ ಆಮ್ಲದ ಕ್ರೀಮಿಗೆ ಬದಲಾಯಿಸಿದರು.

ನನ್ನ ಸಿಟ್ಟೆಲ್ಲ ಇದನ್ನು ಮಾರುವ ಬಗೆಯ ಮೇಲೆ. ಹಚ್ಚುವ ಸ್ಟೀರಾಯ್ಡುಗಳು 2018ರಿಂದ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿದ್ದರೂ, ನಮ್ಮ ಪೇಟೆಯ ಮದ್ದಿನಂಗಡಿಯಲ್ಲಿ ಇದೇ ಟ್ಯೂಬನ್ನು ಸ್ನೋ ಕೊಟ್ಟಷ್ಟೇ ಸಲೀಸಾಗಿ ಕೊಡುತ್ತಾರೆ. ಬಂಗೇ ಇಲ್ಲದ ನೆರೆಮನೆಯ ಹುಡುಗಿಯೊಬ್ಬಳು, "ಮದುವೆ ಹತ್ತಿರ ಬಂತಲ್ಲ ಅಕ್ಕ, ಸ್ವಲ್ಪ ಬೆಳ್ಳಗಾಗಲಿ" ಎಂದು ಅದನ್ನು ಮುಖಕ್ಕೆಲ್ಲ ಬಳಿದುಕೊಳ್ಳುತ್ತಿದ್ದಳು. ಆರಂಭದಲ್ಲಿ ಹೊಳಪು ಬಂದದ್ದು ನಿಜ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಾಣಿಸಿ, ಮೊಡವೆಗಳೂ ಮೂಡಿದವು. ಬಿಟ್ಟರೆ ಮುಖ ಕೆಂಡದಂತೆ ಉರಿಯುವುದರಿಂದ ಅವಳು ಮತ್ತೆ ಅದನ್ನೇ ಹಚ್ಚುತ್ತಾಳೆ. ಡಬ್ಬಿಯೊಳಗಿನ ಚೀಟಿಯಲ್ಲಿ ಎಚ್ಚರಿಕೆಯೇನೋ ಇದೆ, ಆದರೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ.

ತಯಾರಕರ ಹೆಸರೇ ಇಲ್ಲದ, ಯಾರೋ ತಂದುಕೊಡುವ ಬಿಳುಪಿನ ಡಬ್ಬಿಗಳ ಸಂಗತಿ ಇದಕ್ಕಿಂತಲೂ ಕೆಟ್ಟದ್ದು. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಅಂಥ ಕ್ರೀಮು ಬಳಸಿದವರ ಮೂತ್ರಪಿಂಡಗಳಿಗೆ ಹಾನಿಯಾಗಿದ್ದು, ಕಾರಣ ಅದರೊಳಗಿನ ಪಾದರಸವೆಂದು ವೈದ್ಯರು ಗುರುತಿಸಿದರು. ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ತಡೆಯುವುದರಿಂದಲೇ ಬಣ್ಣ ಬೇಗನೆ ತಿಳಿಯಾಗುತ್ತದೆ. ನಾದಿನಿಗೆ ಉಡುಗೊರೆಯಾಗಿ ಬಂದ ಅಂಥದೊಂದು ಡಬ್ಬಿಯನ್ನು ನಾನು ತೆರೆಯಲು ಬಿಡಲಿಲ್ಲ.

ನನ್ನ ಬಂಗು ಪೂರ್ತಿ ಹೋಗಿಲ್ಲ, ಮಲಯಾಳದ ಮೇಡಂ ತಿಂಗಳ (ಏಪ್ರಿಲ್-ಮೇ) ಬಿಸಿಲಿಗೆ ಮತ್ತೆ ತಲೆಯೆತ್ತುತ್ತದೆ. ಹೀಗಾಗಿ ಈಗಿನ ಖರ್ಚೆಲ್ಲ ಸನ್‌ಸ್ಕ್ರೀನಿಗೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ, ಅದನ್ನು ತಡೆಯುವ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನನ್ನೇ ವೈದ್ಯರು ಹೇಳಿದ್ದಾರೆ. ನನ್ನ ಮೈಬಣ್ಣಕ್ಕೆ ಹೊಂದುವಂಥದ್ದು ಕಾಸರಗೋಡಿನಲ್ಲಿ ಸಿಗದೆ, ಮಂಗಳೂರಿಗೆ ಹೋಗುವವರ ಕೈಯಲ್ಲಿ ತರಿಸಿಕೊಳ್ಳುತ್ತಿದ್ದೇನೆ.